ಸಹಾಯ ಬೇಕು: ಹಲ್ಲಿನ ಸೆಟ್ ಮೇಲೆ ಕೃತಕ ಜೊಲ್ಲಿನ ಹನಿ ಅಳೆಯುವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂಡಿಎಸ್ (ದಂತವೈದ್ಯಕೀಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಬಾಯಿ ಒಣಗುವವರಿಗೆ ಕೊಡುವ ಕೃತಕ ಜೊಲ್ಲು ಯಾವ ಬಗೆಯ ಸೆಟ್ ಮೇಲೆ ಚೆನ್ನಾಗಿ ಹರಡುತ್ತದೆ ಅನ್ನುವುದೇ ನನ್ನ ಥೀಸಿಸ್.

ಇದು ತಲೆಗೆ ಹೊಕ್ಕಿದ್ದು ನಮ್ಮ ಅಜ್ಜಿಯಿಂದ. ಮೇ ತಿಂಗಳ ಬಿಸಿಲಲ್ಲಿ ಬಾಯಿ ಒಣಗಿದರೆ ಮೇಲಿನ ಸೆಟ್ ನಿಲ್ಲುವುದೇ ಇಲ್ಲ. ಜೋಳದ ರೊಟ್ಟಿ ಒಂದು ತುತ್ತು ಅಗಿದರೆ ಸಾಕು, ಕಳಚಿ ನಾಲಿಗೆ ಮೇಲೆ ಬೀಳುತ್ತದೆ. ಸೆರಗು ಅಡ್ಡ ಹಿಡಿದು ಮತ್ತೆ ಒತ್ತಿಕೊಳ್ಳುತ್ತಾರೆ. ನೋಡಲಾಗುವುದಿಲ್ಲ. ಅಂಗುಳಕ್ಕೂ ಸೆಟ್‌ಗೂ ನಡುವೆ ಜೊಲ್ಲಿನ ತೆಳು ಪದರ ಇದ್ದರೇ ಅಲ್ವಾ ಹಿಡಿತ ಸಿಗುವುದು?

ಸೆಟ್ ಮಾಡಲು ಬಳಸುವ ಹೀಟ್ ಕ್ಯೂರ್ (ಬಿಸಿಯಿಂದ ಗಟ್ಟಿ ಮಾಡಿದ) ಅಕ್ರಿಲಿಕ್, ನೈಲಾನ್, ಕೋಬಾಲ್ಟ್ ಕ್ರೋಮಿಯಂಗಳ ಮಾದರಿ ಬಿಲ್ಲೆಗಳು ರೆಡಿ ಇವೆ. ಕೃತಕ ಜೊಲ್ಲು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (ದ್ರವವನ್ನು ಮಂದ ಮಾಡುವ ವಸ್ತು) ಬೆರೆಸಿದ್ದು. ಹನಿ ಬಿಲ್ಲೆಗೆ ತಾಗುವ ಅಂಚಿನ ಕೋನ ಅಳೆಯಬೇಕು. ಕೋನ ಕಡಿಮೆ ಇದ್ದಷ್ಟೂ ಹನಿ ಜಾಸ್ತಿ ಹರಡಿದೆ ಅಂತ. 90 ಡಿಗ್ರಿ ದಾಟಿದರೆ ಮಣಿಯ ಹಾಗೆ ಗುಂಡಗೆ ಕೂರುತ್ತದೆ. ಮೊದಲ ಸಲ ಬರಿಗೈಲಿ ಬಿಲ್ಲೆ ಮುಟ್ಟಿದ್ದೆ. ಬೆರಳಿನ ಜಿಡ್ಡು ತಾಗಿ ಒಂದೇ ಬಿಲ್ಲೆಯಲ್ಲಿ ಒಂದೊಂದು ಕಡೆ ಒಂದೊಂದು ಅಳತೆ ಬಂತು. ಈಗ ಚಿಮಟದಲ್ಲೇ ಹಿಡಿಯುತ್ತೇನೆ.

ಗುಲಬರ್ಗಾ ವಿವಿ ಅಥವಾ ಕಡಗಂಚಿಯ ಕೇಂದ್ರೀಯ ವಿವಿ ಲ್ಯಾಬ್‌ನವರು ಯಾರಾದರೂ ಇದ್ದೀರಾ? ಗೋನಿಯೋಮೀಟರ್ (ಈ ಕೋನ ಅಳೆಯುವ ಉಪಕರಣ) ಎರಡು ದಿನ ಬಳಸಲು ಸಿಕ್ಕರೆ ಸಾಕು, ಫೀಸ್ ಕೊಡುತ್ತೇನೆ. ಇನ್ನೊಂದು ಪ್ರಶ್ನೆ, ಪ್ರಾಸ್ತೊಡಾಂಟಿಕ್ಸ್ (ಕೃತಕ ಹಲ್ಲು ಕೂರಿಸುವ ವಿಭಾಗ) ಸೀನಿಯರ್‌ಗಳಿಗೆ: ಸೆಟ್‌ನ ಅಂಗುಳಕ್ಕೆ ಕೂರುವ ಮೈಯನ್ನು ನಾವು ಪಾಲಿಶ್ ಮಾಡುವುದಿಲ್ಲ. ಹಾಗಾದರೆ ಬಿಲ್ಲೆಗಳನ್ನೂ ಪಾಲಿಶ್ ಮಾಡದೆ ಬಿಡುವುದೇ ಸರಿ ಅಂತ ನನ್ನ ಲೆಕ್ಕ. ನೀವು ಹೇಗೆ ಮಾಡಿದ್ದೀರಿ, ದಯವಿಟ್ಟು ತಿಳಿಸಿ.