ಸಹಾಯ ಬೇಕು: ಹಾಸನದಲ್ಲಿ ಬೀಜಗಣಿತ ಹೇಳಿಕೊಡುವವರು

ನಮಸ್ಕಾರ. ಪಿಯುಸಿಯಲ್ಲಿ ವಾಣಿಜ್ಯ ಓದಿದ ತಂಗಿ ಈಗ ಬಿಸಿಎ ಸೇರಿದ್ದಾಳೆ. ಕ್ಯಾಲ್ಕುಲಸ್ ಶುರುವಾಗುವ ಮೊದಲು ಬೀಜಗಣಿತ ಗಟ್ಟಿಯಾಗಬೇಕು. ಸೂತ್ರಗಳೆಲ್ಲ ಬಾಯಿಪಾಠ, ಲೆಕ್ಕ ಮಾತ್ರ ಕೈಕೊಡುತ್ತದೆ. ಎಕ್ಸ್‌ನ ವರ್ಗ 9ಕ್ಕಿಂತ ಕಡಿಮೆ ಎಂದರೆ, ಎಕ್ಸ್ 3ಕ್ಕಿಂತ ಕಡಿಮೆ ಎಂದಷ್ಟೇ ಬರೆದು ಪುಸ್ತಕ ಮುಚ್ಚುತ್ತಾಳೆ. ಮೈನಸ್ 4ರ ವರ್ಗ 16 ಅಲ್ಲವೇ ಎಂದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾಳೆ. ಎರಡು ಸಂಖ್ಯೆಗಳ ಮೊತ್ತದ ಲಾಗ್ ಅನ್ನು ಬಿಡಿಬಿಡಿಯಾಗಿ ಬರೆಯುವ ಚಾಳಿ ಬೇರೆ. ಅದು ಗುಣಲಬ್ಧಕ್ಕೆ ಮಾತ್ರ ಸಲ್ಲುತ್ತದೆ. ನಾನು ಹೇಳಿಕೊಟ್ಟರೆ ಪಾಠಕ್ಕಿಂತ ಜಗಳವೇ ಹೆಚ್ಚು.

ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಿ ತಾಳ್ಮೆಯಿಂದ ಹೇಳಿಕೊಡುವ ಮೇಷ್ಟ್ರೋ ಮೇಡಮ್ಮೋ ಗೊತ್ತಿದ್ದರೆ ತಿಳಿಸಿ. ಗಣಿತ ಎಂಎಸ್ಸಿ ಓದುತ್ತಿರುವವರಾದರೂ ಸರಿ. ಆಲೂರಿನ ಬಸ್ಸು ಹಿಡಿಯಬೇಕಾದ್ದರಿಂದ ಕತ್ತಲಾಗುವುದರೊಳಗೆ ಪಾಠ ಮುಗಿಯಬೇಕು. ಕುರಿ ತುಂಬಿದಂತೆ ಮಕ್ಕಳನ್ನು ಕೂರಿಸುವ ಟ್ಯೂಷನ್ ಬೇಡ. ಶುಲ್ಕ ಸುಮಾರು ಎಷ್ಟಾಗಬಹುದು ಎಂದೂ ಹೇಳಿ.