ಮ್ಯಾಟ್ ಮಾನಿಟರ್ ಒರೆಸಿದಷ್ಟೂ ಜಿಡ್ಡು ಹರಡುತ್ತಿದೆ, ಸರಿಯಾದ ವಿಧಾನ ಯಾವುದು?

ಪ್ರಶ್ನೆ – ಮಸುಕುಪರದೆ

27 ಇಂಚಿನ ಐಪಿಎಸ್ (ಒಂದು ಬಗೆಯ ಎಲ್‌ಸಿಡಿ) ಮಾನಿಟರ್, ಮ್ಯಾಟ್ ಅಂದರೆ ಹೊಳಪಿಲ್ಲದ ಪರದೆ. ಕೆಳಗಿನ ಅರ್ಧದಲ್ಲಿ ಬೆರಳಿನ ಗುರುತುಗಳಿವೆ, ಸೀನಿದಾಗ ಸಿಡಿದು ಒಣಗಿದ ಸಣ್ಣ ಚುಕ್ಕೆಗಳೂ ಇವೆ. ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ಚುಕ್ಕೆ ಹೋಗುತ್ತಿಲ್ಲ, ಬೆರಳಿನ ಜಿಡ್ಡು ಮಾತ್ರ ಹರಡುತ್ತಿದೆ. ಬಿಳಿ ಪುಟ ತೆರೆದಿದ್ದಾಗ ಏನೂ ಗೊತ್ತಾಗುವುದಿಲ್ಲ, ಪರದೆ ಕಪ್ಪಾದರೆ ಬಣ್ಣಬಣ್ಣದ ಗೆರೆ ಕಾಣುತ್ತವೆ. ಕಿಟಕಿ ಗಾಜಿಗೆ ಬಳಸುವ ಸ್ಪ್ರೇ ಹಾಕಬಹುದೇ? ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು ಅಂತ ಕೆಲವರು, ಮುಟ್ಟಲೇಬೇಡಿ ಅಂತ ಕೆಲವರು ಹೇಳುತ್ತಾರೆ. ಯಾವುದು ನಿಜ?

ಉತ್ತರ 1 – ಪ್ಯಾನೆಲ್‌ಬಲ್ಲವ

ಗಾಜಿನ ಸ್ಪ್ರೇ ಖಂಡಿತ ಬೇಡ. ನಿಮ್ಮ ಮಾನಿಟರ್‌ನಲ್ಲಿ ಕೈಗೆ ಸಿಗುವ ಮೇಲ್ಮೈ ಗಾಜಲ್ಲ. ಗಾಜಿನ ಮೇಲೆ ಅಂಟಿಸಿರುವ ಪೋಲರೈಜರ್ ಎಂಬ ಪ್ಲಾಸ್ಟಿಕ್ ಫಿಲ್ಮ್ ಅದು, ಅದರ ಮೇಲೆ ಬೆಳಕನ್ನು ಚದುರಿಸುವ ತೆಳುವಾದ ಆಂಟಿ-ಗ್ಲೇರ್ ಲೇಪನ ಇರುತ್ತದೆ. ಕಿಟಕಿ ಸ್ಪ್ರೇಗಳಲ್ಲಿ ಹಲವದರಲ್ಲಿ ಅಮೋನಿಯಾ ಇರುತ್ತದೆ, ಅದು ಲೇಪನವನ್ನು ಹಾಳುಮಾಡುತ್ತದೆ. ಅಸಿಟೋನ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇನ್ನೂ ಅಪಾಯಕಾರಿ. ಅವು ಫಿಲ್ಮನ್ನೇ ಕರಗಿಸಿ ಹಾಲಿನಂಥ ಮಬ್ಬು ಉಳಿಸುತ್ತವೆ, ಆಮೇಲೆ ಅದನ್ನು ಸರಿಮಾಡುವ ದಾರಿಯೇ ಇಲ್ಲ.

ಬಣ್ಣದ ಗೆರೆ ನೋಡಿ ಹೆದರಬೇಡಿ. ತೆಳುವಾಗಿ ಹರಡಿದ ಜಿಡ್ಡಿನ ಪದರದಿಂದ ಬೆಳಕು ಪ್ರತಿಫಲಿಸುವಾಗ ಹಾಗೆ ಕಾಣುತ್ತದೆ. ಬಟ್ಟೆಯಲ್ಲೇ ಜಿಡ್ಡು ಸೇರಿಕೊಂಡಿದ್ದರೆ ಎಷ್ಟು ಒರೆಸಿದರೂ ಅದು ಅಲ್ಲಿಂದ ಇಲ್ಲಿಗೆ ಜಾಗ ಬದಲಿಸುತ್ತದೆ ಅಷ್ಟೇ.

ಬೇಕಾಗುವುದು: ಸುಮಾರು 30–40 ಸೆಂ.ಮೀ. ಅಳತೆಯ ಎರಡು ಶುದ್ಧ ಮೈಕ್ರೋಫೈಬರ್ ಬಟ್ಟೆ, ಡಿಸ್ಟಿಲ್ಡ್ ವಾಟರ್, ಕ್ಯಾಮೆರಾ ಲೆನ್ಸ್‌ಗೆ ಬಳಸುವ ರಬ್ಬರ್ ಬ್ಲೋವರ್. ನಲ್ಲಿ ನೀರು ಬೇಡ ಎನ್ನುವುದಕ್ಕೆ ಕಾರಣ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ನೀರು ಆರಿದ ಮೇಲೆ ಅವು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ.

ಮಾನಿಟರ್ ಆಫ್ ಮಾಡಿ, ಪ್ಲಗ್ ತೆಗೆದು, ಹತ್ತು ನಿಮಿಷ ತಣ್ಣಗಾಗಲು ಬಿಡಿ. ಬಿಸಿ ಪರದೆಯಲ್ಲಿ ತೇವ ಬೇಗ ಆರಿ ಗೆರೆ ಉಳಿಯುತ್ತದೆ. ಕಪ್ಪು ಪರದೆಯ ಮೇಲೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಧೂಳು, ಜಿಡ್ಡು, ಗೀರು ಮೂರೂ ಬೇರೆಬೇರೆಯಾಗಿ ಕಾಣುತ್ತವೆ.

ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ. ಈ ಹೆಜ್ಜೆ ಬಿಡಬೇಡಿ. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಅವು ಗಾಜಿಗಿಂತಲೂ ಗಟ್ಟಿ, ಇನ್ನು ಪ್ಲಾಸ್ಟಿಕ್ ಲೇಪನದ ಮಾತೇನು! ಅವನ್ನು ಬಟ್ಟೆಯಡಿ ಇಟ್ಟು ಉಜ್ಜಿದರೆ ಉಪ್ಪುಕಾಗದದಿಂದ ತಿಕ್ಕಿದ ಹಾಗೆಯೇ.

ಬಟ್ಟೆಯನ್ನು ಎರಡು ಸಲ ಮಡಚಿದರೆ, ಒಳಗುಹೊರಗು ತಿರುಗಿಸಿಕೊಂಡು ಬಳಸಲು ಎಂಟು ಮುಖ ಸಿಗುತ್ತವೆ. ಒಂದು ಮುಖಕ್ಕೆ ಎರಡು-ಮೂರು ಸಲ ನೀರು ಸ್ಪ್ರೇ ಮಾಡಿ, ಕೈಯಲ್ಲಿ ಅದುಮಿ ತೇವವನ್ನು ಹರಡಿ. ಎಷ್ಟು ತೇವ ಸಾಕು ಅಂದರೆ, ಒರೆಸಿದ ಜಾಡು ನಾಲ್ಕೈದು ಸೆಕೆಂಡಿನಲ್ಲಿ ತಾನೇ ಆರಬೇಕು. ಜಾಡಿನ ಅಂಚಿನಲ್ಲಿ ಸಣ್ಣ ಮಣಿಯಂಥ ಹನಿ ನಿಂತರೂ ತೇವ ಹೆಚ್ಚಾಗಿದೆ ಎಂದೇ ಅರ್ಥ. ಮೇಲಿನಿಂದ ಕೆಳಗೆ, ಒಂದೇ ದಿಕ್ಕಿನಲ್ಲಿ ಎಳೆಯುತ್ತ ಬನ್ನಿ. ಬಟ್ಟೆಯ ಮುಖ ಆಗಾಗ ಬದಲಿಸಿ. ಹಿಂದಿನಿಂದ ಇನ್ನೊಂದು ಕೈ ಆನಿಸಿ ಹಿಡಿದರೆ ಮಾನಿಟರ್ ಅಲುಗಾಡುವುದಿಲ್ಲ, ಒತ್ತಡವೂ ಬೀಳುವುದಿಲ್ಲ. ಕೊನೆಗೆ ಒಣ ಬಟ್ಟೆಯಿಂದ ಹಗುರವಾಗಿ ಒಮ್ಮೆ.

ಒಣಗಿದ ಚುಕ್ಕೆಗಳನ್ನು ಉಗುರಿನಿಂದ ಕೆರೆಯಬೇಡಿ. ತೇವದ ಬಟ್ಟೆಯನ್ನು ಅವುಗಳ ಮೇಲೆ 20–30 ಸೆಕೆಂಡು ಸುಮ್ಮನೆ ತಾಗಿಸಿ ಹಿಡಿಯಿರಿ, ನೆನೆದು ಮೆತ್ತಗಾದ ಮೇಲೆ ಒಂದೇ ಎಳೆತಕ್ಕೆ ಬರುತ್ತವೆ. ಬರದಿದ್ದರೆ ಮತ್ತೆ ನೆನೆಸಿ. ಒತ್ತುವುದು ಮಾತ್ರ ಬೇಡ: ಜೋರಾಗಿ ಒತ್ತಿದರೆ ಪರದೆಗೆ ಹಿಂದಿನಿಂದ ಬೆಳಕು ಹರಡುವ ಬ್ಯಾಕ್‌ಲೈಟ್ ಹಾಳೆಗಳಿಗೆ ಪೆಟ್ಟಾಗಿ ಬೆಳ್ಳನೆ ಮಚ್ಚೆ ಶಾಶ್ವತವಾಗಿ ಉಳಿಯಬಹುದು.

ಉತ್ತರ 2 – ಹನಿಲೆಕ್ಕ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಇನ್ನೊಂದು ಮಾತು ಒತ್ತಿ ಹೇಳಬೇಕು: ಯಾವ ದ್ರವವನ್ನೂ ನೇರವಾಗಿ ಪರದೆಗೆ ಸ್ಪ್ರೇ ಮಾಡಬೇಡಿ. ಹನಿ ಕೆಳಗಿಳಿದು ಪ್ಯಾನೆಲ್‌ಗೂ ಚೌಕಟ್ಟಿಗೂ ನಡುವಿನ ಕೂದಲೆಳೆಯಷ್ಟು ಸಂದಿಯನ್ನು ಮುಟ್ಟಿದ ಕ್ಷಣವೇ ಒಳಗೆ ಎಳೆದುಕೊಳ್ಳಲ್ಪಡುತ್ತದೆ. ಬಹಳಷ್ಟು ಮಾನಿಟರ್‌ಗಳಲ್ಲಿ ಪ್ಯಾನೆಲನ್ನು ನಡೆಸುವ ಚಿಪ್‌ಗಳಿರುವ ತೆಳು ಫಿಲ್ಮ್ ಪಟ್ಟಿಗಳು ಆ ಕೆಳ ಅಂಚಿನಲ್ಲೇ ಇವೆ. ಅಲ್ಲಿ ತೇವ ಸೇರಿದರೆ ಮೇಲಿಂದ ಕೆಳಗಿನವರೆಗೆ ನೇರ ಗೆರೆಗಳು ಮೂಡುತ್ತವೆ. ಬ್ಯಾಕ್‌ಲೈಟ್ ಹಾಳೆಗಳ ನಡುವೆ ಸೇರಿದರೆ ಅಂಚಿನಲ್ಲಿ ಅಲೆಯಾಕಾರದ ಕಲೆ. ಚೌಕಟ್ಟೇ ಇಲ್ಲದಂತೆ ಕಾಣುವ ಈಗಿನ ಮಾದರಿಗಳಲ್ಲಿ ಈ ಅಪಾಯ ಹೆಚ್ಚು.

ಅಕಸ್ಮಾತ್ ಒಳಗೆ ನೀರು ಹೋಗಿದ್ದರೆ ಆನ್ ಮಾಡಿ ಪರೀಕ್ಷಿಸಲು ಹೋಗಬೇಡಿ. ಪ್ಲಗ್ ತೆಗೆದು, ನೆಟ್ಟಗೆ ನಿಲ್ಲಿಸಿ, ಕನಿಷ್ಠ 48 ಗಂಟೆ ಗಾಳಿಯಾಡುವ ಕಡೆ ಬಿಡಿ. ಹೇರ್ ಡ್ರೈಯರ್ ಬಿಸಿ ಹಾಯಿಸಿದರೆ ಹಾಳೆಗಳು ಸೊಟ್ಟಗಾಗುತ್ತವೆ.

ಇನ್ನು ಆಲ್ಕೊಹಾಲ್ ವಿಚಾರ. ಇಬ್ಬರು ಹೇಳುವುದೂ ಅರ್ಧ ಸರಿ. ಲೇಪನ ಒಂದೊಂದು ಮಾದರಿಯಲ್ಲಿ ಒಂದೊಂದು ಥರ, ಹಾಗಾಗಿ ತಯಾರಕರ ಸೂಚನೆಯೂ ಬೇರೆಬೇರೆ. ಆಪಲ್ ತನ್ನ ನ್ಯಾನೋ-ಟೆಕ್ಸ್ಚರ್ (ಪ್ರತಿಫಲನ ತಗ್ಗಿಸಲು ಮೇಲ್ಮೈ ಕೆತ್ತಿದ) ಗಾಜಿನ ಗಟ್ಟಿ ಕಲೆಗಳಿಗೆ ಜೊತೆಗೆ ಕೊಟ್ಟ ಬಟ್ಟೆಯನ್ನೇ 70% ಐಸೊಪ್ರೊಪೈಲ್‌ನಲ್ಲಿ ತೇವ ಮಾಡಿ ಬಳಸಿ ಎನ್ನುತ್ತದೆ. ಬರೀ ನೀರು ಸಾಕು, ಆಲ್ಕೊಹಾಲ್ ಬೇಡ ಎನ್ನುವ ಕೈಪಿಡಿಗಳೂ ಇವೆ. ನಿಮ್ಮ ಮಾದರಿಯ ಕೈಪಿಡಿ ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯಿತು. ಬಳಸಬಹುದು ಎಂದಿದ್ದರೂ ಇಡೀ ಪರದೆಗೆ ಬೇಡ. 70% ದ್ರಾವಣಕ್ಕೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ಸುಮಾರು 35% ಮಾಡಿಕೊಂಡು, ಕಲೆಯಿರುವ ಜಾಗಕ್ಕೆ ಮಾತ್ರ ಬಳಸಿ, ಕೂಡಲೇ ನೀರಿನ ತೇವದ ಬಟ್ಟೆಯಿಂದ ಒರೆಸಿ. 99% ತಂದು ಹಾಕುವುದು ದೊಡ್ಡ ತಪ್ಪು. ಲೇಪನಕ್ಕೆ ಕಟು, ಬೇಗ ಆರುವುದರಿಂದ ಕರಗಿದ ಜಿಡ್ಡನ್ನು ಅಲ್ಲಲ್ಲೇ ಬಿಟ್ಟು ಹೋಗುತ್ತದೆ. ಬೆಂಕಿ ಹತ್ತುವ ದ್ರವವಾದ್ದರಿಂದ ಪ್ಲಗ್ ತೆಗೆದೇ ಬಳಸಬೇಕು.

ಬೆರಳಿನ ಜಿಡ್ಡಿಗೆ ನನ್ನ ಆಯ್ಕೆ ಆಲ್ಕೊಹಾಲ್ ಅಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್. 250 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ ಒಂದೇ ಒಂದು ಹನಿ. ಬಟ್ಟೆ ತೇವ ಮಾಡಿ ಒರೆಸಿದ ಮೇಲೆ ಬರೀ ನೀರಿನ ತೇವದಿಂದ ಎರಡು ಸುತ್ತು ಒರೆಸಬೇಕು, ಇಲ್ಲದಿದ್ದರೆ ಸೋಪಿನ ಪದರವೇ ಹೊಸ ಮಸುಕಾಗುತ್ತದೆ. ವಿನೆಗರ್-ನೀರು ಸಮಪಾಲು ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಎಣ್ಣೆ ಜಿಡ್ಡಿಗೆ ಅದು ಸೋಪಿನಷ್ಟು ಕೆಲಸ ಮಾಡುವುದಿಲ್ಲ. ಲೇಪನ ಯಾವುದೆಂದು ಗೊತ್ತಿಲ್ಲದೆ ಆಮ್ಲ ತಾಗಿಸುವ ಅಗತ್ಯವೂ ನನಗೆ ಕಾಣುವುದಿಲ್ಲ.

ಮಸುಕುಪರದೆ

ಇಬ್ಬರಿಗೂ ಧನ್ಯವಾದ. ಸೋಪಿನ ವಿಧಾನಕ್ಕೆ ಜಿಡ್ಡು ಪೂರ್ತಿ ಹೋಯಿತು. ಎರಡು ಸಂಗತಿ ಉಳಿದಿವೆ. ಮೂಲೆಯಲ್ಲಿ ಸ್ಟಿಕರ್ ಕಿತ್ತ ಅಂಟು ಇದೆ. ನಡುವೆ ಒಂದು ಕಪ್ಪು ಚುಕ್ಕೆ ಎಷ್ಟು ನೆನೆಸಿದರೂ ಬರುತ್ತಿಲ್ಲ. ಪಕ್ಕದ ಓಎಲ್ಇಡಿ (ಬ್ಯಾಕ್‌ಲೈಟ್ ಇಲ್ಲದೆ ತಾನೇ ಬೆಳಗುವ ಪರದೆಯ) ಮಾನಿಟರ್‌ಗೂ ಇದೇ ಕ್ರಮವೇ?

ಉತ್ತರ 3 – ಪ್ಯಾನೆಲ್‌ಬಲ್ಲವ

ಅಂಟಿಗೆ ಮೊದಲು ಟೇಪ್ ನೋಡಿ. ಸೆಲ್ಲೋಟೇಪನ್ನು ಅಂಟಿನ ಭಾಗಕ್ಕಷ್ಟೇ ಮೆತ್ತಗೆ ತಾಗಿಸಿ, ಪರದೆಗೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಿರಿ. ನೇರ ಹೊರಕ್ಕೆ ಎಳೆಯಬೇಡಿ. ನಾಲ್ಕಾರು ಸಲ ಮಾಡಿದರೆ ಬಹುಪಾಲು ಟೇಪಿಗೇ ಬರುತ್ತದೆ. ಉಳಿದದ್ದಕ್ಕೆ ಅದೇ ಸೋಪುನೀರಿನ ಬಟ್ಟೆಯನ್ನು ಒಂದು ನಿಮಿಷ ತಾಗಿಸಿ ಹಿಡಿದು ಒರೆಸಿ. ಪೆಟ್ರೋಲ್, ಸೀಮೆಎಣ್ಣೆ, ಅಂಟು ತೆಗೆಯುವ ಸ್ಪ್ರೇ ಯಾವುದೂ ಬೇಡ.

ಕಪ್ಪು ಚುಕ್ಕೆ ಏನೆಂದು ಮೊದಲು ಗೊತ್ತುಮಾಡಿಕೊಳ್ಳಿ. ಮಾನಿಟರ್ ಆಫ್ ಮಾಡಿ ಓರೆಯಾಗಿ ಟಾರ್ಚ್ ಬಿಟ್ಟಾಗ ಉಬ್ಬು ಕಂಡರೆ ಹೊರಗಿನ ಕೊಳೆ. ಕಾಣದಿದ್ದರೆ ಆನ್ ಮಾಡಿ ಬಿಳಿ, ಕೆಂಪು, ಹಸಿರು, ನೀಲಿ ಪುಟಗಳನ್ನು ಒಂದೊಂದಾಗಿ ತುಂಬುಪರದೆಯಲ್ಲಿ ತೆರೆದು ಭೂತಗನ್ನಡಿಯಿಂದ ನೋಡಿ. ಅಂಚು ಚೂಪಾಗಿ, ಒಂದೇ ಚೌಕದಷ್ಟಿದ್ದು ಎಲ್ಲ ಬಣ್ಣದಲ್ಲೂ ಕಪ್ಪಾಗಿದ್ದರೆ ಅದು ಸತ್ತ ಪಿಕ್ಸೆಲ್ (ಬೆಳಗದೆ ಹೋದ ಚಿತ್ರಬಿಂದು), ಒರೆಸುವುದರಿಂದ ಪ್ರಯೋಜನವಿಲ್ಲ. ಅಂಚು ಮಬ್ಬಾಗಿದ್ದು, ಪಕ್ಕದಿಂದ ನೋಡಿದಾಗ ಪಿಕ್ಸೆಲ್‌ಗಳ ಹಿಂದೆ ಜಾಗ ಸರಿದಂತೆ ಕಂಡರೆ ಬ್ಯಾಕ್‌ಲೈಟ್ ಹಾಳೆಗೆ ಸೇರಿದ ಧೂಳು ಅಥವಾ ಸಣ್ಣ ಹುಳು. ಹುಳು ಅಲುಗಾಡುತ್ತಿದ್ದರೆ ಬೆರಳಿಟ್ಟು ಒತ್ತಲೇಬೇಡಿ. ಅಲ್ಲೇ ಜಜ್ಜಿ ಹೋದರೆ ಪ್ಯಾನೆಲ್ ಬಿಚ್ಚದೆ ತೆಗೆಯಲಾಗದು. ಮಾನಿಟರ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಚೌಕಟ್ಟಿನ ಅಂಚಿಗೆ ಹತ್ತಿರ ಒಂದು ದೀಪ ಇಡಿ. ಬೆಳಕಿನತ್ತ ತಾನೇ ಹೊರಬರುವ ಸಾಧ್ಯತೆ ಇದೆ.

ಉತ್ತರ 4 – ಹನಿಲೆಕ್ಕ

ಓಎಲ್ಇಡಿಗೂ ಕ್ರಮ ಅದೇ, ಪ್ಲಗ್ ವಿಷಯ ಮಾತ್ರ ಬೇರೆ. ಓಎಲ್ಇಡಿ ಮಾನಿಟರ್‌ಗಳು ಹಲವು ಗಂಟೆ ಬಳಸಿದ ಮೇಲೆ ಸ್ಟ್ಯಾಂಡ್‌ಬೈನಲ್ಲಿ ಪಿಕ್ಸೆಲ್ ರಿಫ್ರೆಶ್ (ಪಿಕ್ಸೆಲ್‌ಗಳನ್ನು ತಾನೇ ಸರಿಹೊಂದಿಸಿಕೊಳ್ಳುವ ಕ್ರಮ) ನಡೆಸುತ್ತವೆ. ಪರದೆ ಕಪ್ಪಾಗಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ಹಲವು ಮಾದರಿಗಳಲ್ಲಿ ಆಗ ಪವರ್ ದೀಪ ಮಿನುಗುತ್ತದೆ. ಅದು ನಿಂತ ಮೇಲೆಯೇ ಪ್ಲಗ್ ತೆಗೆಯಿರಿ. ಹೊಳಪಿನ ಪರದೆಯಾಗಿದ್ದರೆ ಸಣ್ಣ ಗೀರೂ ಎದ್ದು ಕಾಣುವುದರಿಂದ ಬ್ಲೋವರ್ ಹೆಜ್ಜೆಗೆ ಎರಡರಷ್ಟು ಸಮಯ ಕೊಡಿ. ಒತ್ತಡದಲ್ಲಿ ತುಂಬಿದ ಡಬ್ಬಿಯ ಗಾಳಿ ಬಳಸುವುದಾದರೆ ಡಬ್ಬಿಯನ್ನು ನೆಟ್ಟಗೆ ಹಿಡಿದು 15 ಸೆಂ.ಮೀ. ದೂರದಿಂದ ಸ್ವಲ್ಪಸ್ವಲ್ಪವೇ ಬಿಡಿ. ಓರೆ ಮಾಡಿದರೆ ಹಿಮದಷ್ಟು ತಣ್ಣನೆಯ ದ್ರವ ಪರದೆಗೆ ಚಿಮ್ಮುತ್ತದೆ.

ಬಟ್ಟೆಯನ್ನು ಬಳಸಿದ ಮೇಲೆ ತೊಳೆಯಿರಿ. ಸಾಧಾರಣ ಡಿಟರ್ಜೆಂಟ್, ಉಗುರುಬೆಚ್ಚನೆ ನೀರು ಸಾಕು. ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಅದರ ಮೇಣದಂಥ ಪದರ ಎಳೆಗಳಿಗೆ ಮೆತ್ತಿಕೊಂಡು ಮುಂದಿನ ಸಲ ಪರದೆಗೇ ಹತ್ತುತ್ತದೆ. ಹತ್ತಿಯ ಟವೆಲ್ ಜೊತೆ ತೊಳೆದರೆ ನೂಲಿನ ಚೂರುಗಳೆಲ್ಲ ಇದಕ್ಕೆ ಅಂಟುತ್ತವೆ. ನೆರಳಲ್ಲಿ ಒಣಗಿಸಿ, ಜಿಪ್ ಇರುವ ಕವರಿನಲ್ಲಿಡಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಪರದೆಗೆ ತರಬೇಡಿ, ತೊಳೆದೇ ಬಳಸಿ.