ಡಿಎನ್‌ಎ ಎರಡು ಸಲ ನಕಲಾಗದಂತೆ ಲೆಕ್ಕ ಇಡುವವರು ಯಾರು?

ಗಲ್ಲಾದವನು, ಮಾಟುಂಗ:
ಇಲ್ಲಿಯ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ 22 ವರ್ಷದಿಂದ ಕೂರುತ್ತಿದ್ದೇನೆ. ಬಿ.ಎಸ್ಸಿ. ಓದುವ ಮಗಳು ರಾತ್ರಿ ನನಗೆ ಪಾಠ ಒಪ್ಪಿಸುತ್ತಾಳೆ. ಜೀವಕೋಶ ಎರಡಾಗಿ ಒಡೆಯುವ ಮೊದಲು ಡಿಎನ್‌ಎ ನಕಲಾಗುವುದು ಹತ್ತಾರು ಸಾವಿರ ಕಡೆ ಶುರುವಾಗುತ್ತದಂತೆ, ಆದರೂ ಯಾವ ತುಂಡೂ ಎರಡು ಸಲ ನಕಲಾಗುವುದಿಲ್ಲವಂತೆ. ನನಗೆ ನಂಬಿಕೆ ಬರಲಿಲ್ಲ. ನಮ್ಮಲ್ಲಿ ಇರುವುದು ಹನ್ನೆರಡು ಮೇಜು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಒಂದು ಟೋಕನ್‌ಗೆ ಎರಡು ದೋಸೆ ಹೋಗಿಯೇ ಹೋಗುತ್ತದೆ. ಅಲ್ಲಿ ಲೆಕ್ಕ ಇಡುವವರು ಯಾರು?

ಯೀಸ್ಟ್ ಸಾಕುವವಳು, ಪುಣೆ:
ಯಾರೂ ಇಲ್ಲ ಸರ್. ಎಂಸಿಎಂ ಎಂಬ ಪ್ರೋಟೀನ್ ಬಳೆಗಳನ್ನು ಟೋಕನ್ ಎಂದುಕೊಳ್ಳಿ. ನಕಲು ಆರಂಭವಾಗುವ ತಾಣದಲ್ಲಿ ಒಆರ್‌ಸಿ ಎಂಬ ಪ್ರೋಟೀನ್ ಗುಂಪು ಕುಳಿತಿರುತ್ತದೆ. 1992ರಲ್ಲಿ ವಿಜ್ಞಾನಿಗಳಾದ ಬೆಲ್ ಮತ್ತು ಸ್ಟಿಲ್‌ಮನ್ ಅದನ್ನು ಪತ್ತೆ ಮಾಡಿದ್ದು ನಾನು ಸಾಕುವ ಯೀಸ್ಟಿನಲ್ಲೇ. ಸಿಡಿಸಿ6, ಸಿಡಿಟಿ1 ಎಂಬ ಇಬ್ಬರು ಸಹಾಯಕರೊಡನೆ ಅದು ಡಿಎನ್‌ಎಗೆ ಬಳೆ ತೊಡಿಸುತ್ತದೆ. ಸಿಡಿಕೆ ಎಂಬ ಕಿಣ್ವ ತಣ್ಣಗಿರುವಾಗ ಮಾತ್ರ ಇದು ಸಾಧ್ಯ. ಆಮೇಲೆ ಸಿಡಿಕೆ ಏರುತ್ತದೆ. ಡಿಡಿಕೆ ಎಂಬ ಇನ್ನೊಂದು ಕಿಣ್ವದ ಜೊತೆಗೂಡಿ, ತೊಟ್ಟ ಬಳೆಗಳನ್ನು ಕೆಲಸಕ್ಕೆ ಎಬ್ಬಿಸುವುದೂ ಅದೇ, ಹೊಸ ಬಳೆ ಏರದಂತೆ ತಡೆಯುವುದೂ ಅದೇ. ನಮ್ಮ ಕೋಶಗಳಲ್ಲಿ ಜೆಮಿನಿನ್ ಎಂಬ ಪ್ರೋಟೀನ್ ಬೇರೆ ಬಂದು ಸಿಡಿಟಿ1ರ ಕೈ ಕಟ್ಟುತ್ತದೆ. ಅಂದರೆ ಗಲ್ಲಾ ತೆರೆದಿದ್ದರೆ ಒಲೆ ಹೊತ್ತಿರುವುದಿಲ್ಲ, ಒಲೆ ಹೊತ್ತಿದೊಡನೆ ಗಲ್ಲಾ ಮುಚ್ಚುತ್ತದೆ. ಹೋಟೆಲನ್ನು ಹೀಗೆ ನಡೆಸಿದರೆ ಗಿರಾಕಿಗಳು ಬೈಯುತ್ತಾರೆ, ಬಿಡಿ.

ಮೇಷ್ಟ್ರು, ಮಡಗಾಂವ್:
ನಿಮ್ಮ ಹೋಟೆಲನ್ನು ಹೆಚ್ಚು ಹೋಲುವುದು ಬ್ಯಾಕ್ಟೀರಿಯಾ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಆರಂಭದ ತಾಣ ಒಂದೇ. ಪೂರ್ತಿ ನಕಲಿಗೆ ಸುಮಾರು 40 ನಿಮಿಷ ಬೇಕು. ಆದರೆ ಹೊಟ್ಟೆ ತುಂಬ ಸಿಕ್ಕರೆ 20 ನಿಮಿಷಕ್ಕೇ ಕೋಶ ಎರಡಾಗುತ್ತದೆ! ಹಿಂದಿನ ನಕಲು ಮುಗಿಯುವ ಮೊದಲೇ ಮುಂದಿನದನ್ನು ಹಚ್ಚಿರುತ್ತದೆ. ಅಲ್ಲಿಯೂ ಕಾವಲಿದೆ. ಆಗಷ್ಟೇ ನಕಲಾದ ತಾಣದಲ್ಲಿ ಹಳೆಯ ಎಳೆಗೆ ಮೀಥೈಲ್ ಎಂಬ ರಾಸಾಯನಿಕ ಗುರುತು ಇರುತ್ತದೆ, ಹೊಸದಕ್ಕೆ ಇನ್ನೂ ಬಿದ್ದಿರುವುದಿಲ್ಲ. ಆ ವ್ಯತ್ಯಾಸ ಹಿಡಿದು ಸೆಕ್-ಎ ಎಂಬ ಪ್ರೋಟೀನ್ ತಾಣವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ.

ಗಲ್ಲಾದವನು:
ಟೋಕನ್ ಮಿಕ್ಕರೆ?

ಯೀಸ್ಟ್ ಸಾಕುವವಳು:
ಒಳ್ಳೆಯ ಪ್ರಶ್ನೆ. ಕೋಶ ಬೇಕೆಂದೇ ಮಿಗಿಸುತ್ತದೆ. ನಕಲಿನ ಯಂತ್ರ ಎಲ್ಲಾದರೂ ಸಿಕ್ಕಿಬಿದ್ದರೆ ಪಕ್ಕದ ಮೀಸಲು ತಾಣ ಕೆಲಸಕ್ಕಿಳಿಯುತ್ತದೆ. ಸಿಕ್ಕಿಬೀಳದಿದ್ದರೆ, ಹಾದುಹೋಗುವಾಗ ಯಂತ್ರವೇ ಆ ಬಳೆಗಳನ್ನು ತೆಗೆದುಹಾಕುತ್ತದೆ.

ಗಲ್ಲಾದವನು:
ಇಲ್ಲಿ ರಾತ್ರಿ ಹನ್ನೊಂದಕ್ಕೆ ಮಿಕ್ಕ ಟೋಕನ್ ಎಣಿಸುವವನು ನಾನೇ. ಮಗಳಿಗೆ ಓದಿ ಹೇಳಿದೆ. ಜೆಮಿನಿನ್ ಅವರ ಪಾಠದಲ್ಲಿ ಇನ್ನೂ ಬಂದಿಲ್ಲವಂತೆ.